ಕುಣಿಗಲ್ ಏರಿಯ ಮೇಲೆ ಕೂತು ಬರೆದ ಸಮುದ್ರ

ಸಮುದ್ರತೀರದ ಬಗ್ಗೆ ನಾನು ಒಂಬತ್ತು ಲೇಖನ ಬರೆದಿದ್ದೇನೆ. ಒಂಬತ್ತನೆಯದರ ಕೊನೆಯ ಪ್ಯಾರಾಕ್ಕೆ ಬರುವ ಹೊತ್ತಿಗೂ ಸಮುದ್ರವನ್ನು ಒಂದು ಸಲವೂ ನೋಡಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಹೇಳಬೇಕಾದ ಕಡೆ, ಹೇಳಬೇಕಾದವರಿಗೆ ಹೇಳದೆ ಏನು ಫಜೀತಿ ಮಾಡಿಕೊಂಡೆ ಎಂಬುದು ಮುಂದೆ ಬರುತ್ತದೆ.

ತುಮಕೂರಿನ ಕಾಲೇಜೊಂದರಲ್ಲಿ ಹದಿನಾಲ್ಕು ವರ್ಷ ಇತಿಹಾಸದ ಅತಿಥಿ ಉಪನ್ಯಾಸಕನಾಗಿದ್ದೆ. ಹದಿನಾಲ್ಕು ವರ್ಷ ಎದ್ದು ಹೋಗದ ಅತಿಥಿಯನ್ನು ಯಾರು ತಾನೇ ಸಹಿಸುತ್ತಾರೆ? ಒಂದು ವರ್ಷ ಪಟ್ಟಿಯಲ್ಲಿ ನನ್ನ ಹೆಸರು ಇರಲಿಲ್ಲ. ಮರಳೂರಿನ ಮನೆಯಲ್ಲಿ ಕೂತು ಹೆಂಡತಿಗೆ ತರಕಾರಿ ಹೆಚ್ಚಿಕೊಡುತ್ತಿದ್ದಾಗ ಹಳೆಯ ವಿದ್ಯಾರ್ಥಿನಿಯೊಬ್ಬಳು ಫೋನ್ ಮಾಡಿದಳು. ಅವಳು ಕೆಲಸಕ್ಕಿದ್ದ ಕಂಪನಿ ಕರಾವಳಿಯಲ್ಲಿ ಯಾಟ್ ಬಾಡಿಗೆಗೆ ಕೊಡುತ್ತಿತ್ತು. ನಮ್ಮ ಕಡೆ ಶಾಮಿಯಾನ, ಜೆಸಿಬಿ, ಮದುವೆ ಪಾತ್ರೆ ಬಾಡಿಗೆಗೆ ಸಿಗುವುದು ನನಗೆ ಗೊತ್ತಿತ್ತು. ಬಿಳೀ ಬಣ್ಣದ, ಒಳಗೆ ಮಲಗುವ ಕೋಣೆ, ಅಡುಗೆಮನೆ ಎಲ್ಲ ಇರುವ ದೋಣಿಯನ್ನೂ ಹಾಗೆಯೇ ದಿನದ ಲೆಕ್ಕದಲ್ಲಿ ಕೊಡುತ್ತಾರೆ ಎಂದು ಅವತ್ತೇ ತಿಳಿದಿದ್ದು. ತುಮಕೂರು, ಗುಬ್ಬಿ, ತಿಪಟೂರಿನ ಕೊಬ್ಬರಿ ವ್ಯಾಪಾರಸ್ಥರು, ವಸಂತನರಸಾಪುರದ ಕಾರ್ಖಾನೆ ಮಾಲೀಕರು ಈಗ ಕುಟುಂಬ ಸಮೇತ ಪ್ರವಾಸ ಹೊರಡುತ್ತಾರಂತೆ. ಅವರಿಗಾಗಿ ಕಂಪನಿಯ ವೆಬ್‌ಸೈಟಿನಲ್ಲಿ ಕನ್ನಡದ ಪುಟಗಳು ಬೇಕಿದ್ದವು. ಯಾಟ್ ಹತ್ತಿ ಯಾವ ಯಾವ ಜಾಗಕ್ಕೆ ಹೋಗಬಹುದು, ಅಲ್ಲಿ ಏನಿದೆ, ಅದರ ಚರಿತ್ರೆ ಏನು, ಇಷ್ಟನ್ನು ಬರೆಯಬೇಕು.

ಚರಿತ್ರೆ ನನಗೆ ಸಲೀಸು. ಕೋಟೆ ಕಟ್ಟಿದವರು ಯಾರು, ಮುತ್ತಿಗೆ ಹಾಕಿದವರು ಯಾರು, ಮೆಣಸು ಹೊತ್ತ ಹಡಗು ಎಲ್ಲಿಂದ ಎಲ್ಲಿಗೆ ಹೋಗುತ್ತಿತ್ತು ಎಂಬುದನ್ನೆಲ್ಲ ಕಣ್ಣು ಮುಚ್ಚಿಕೊಂಡು ಬರೆಯಬಲ್ಲೆ. ಕಷ್ಟವಾಗಿದ್ದು ನೀರು. ನನ್ನ ಮೊದಲ ಪುಟ ಓದಿ ವಿದ್ಯಾರ್ಥಿನಿ ಬಹಳ ವಿನಯದಿಂದ, ಇದು ಪರೀಕ್ಷೆಯ ಉತ್ತರದ ಹಾಗಿದೆ, ಸ್ವಲ್ಪ ಫೀಲ್ ಬರಬೇಕು ಎಂದಳು. ಫೀಲ್ ಎಲ್ಲಿಂದ ತರುವುದು? ಕಾಲೇಜಿನ ಪ್ರವಾಸವೆಂದರೆ ನಾವು ಪ್ರತಿವರ್ಷ ಹಂಪಿ, ಬಾದಾಮಿ ಎಂದು ಕಲ್ಲು ನೋಡಲು ಹೋದವರು. ದೋಣಿಯಲ್ಲಿ ನನಗಿದ್ದ ಅನುಭವವೆಂದರೆ ಮಗಳು ಚಿಕ್ಕವಳಿದ್ದಾಗ ಪಾರ್ಕಿನ ಕೊಳದಲ್ಲಿ ಕಾಲಿನಲ್ಲಿ ತುಳಿಯುವ ದೋಣಿ ಹತ್ತಿ ಅರ್ಧ ಗಂಟೆ ಒಂದೇ ಕಡೆ ಸುತ್ತಿದ್ದು.

ಆಗ ನೆನಪಾಗಿದ್ದು ಕುಣಿಗಲ್ ದೊಡ್ಡಕೆರೆ. ಕುಣಿಗಲ್ ನನ್ನ ಹೆಂಡತಿಯ ತವರು. ಶನಿವಾರ ಸ್ಕೂಟರಿನಲ್ಲಿ ಹೋಗಿ, ಮಾವನ ಮನೆಯಲ್ಲಿ ತಿಂಡಿ ತಿಂದು, ಏರಿಯ ಮೇಲೆ ನೆರಳಿರುವ ಕಡೆ ನೋಟ್‌ಬುಕ್ ಹಿಡಿದು ಕೂರುತ್ತಿದ್ದೆ. ಕೆರೆಯ ಆಚೆ ದಡದ ತೆಂಗಿನ ಸಾಲನ್ನು ಅಳಿಸಿಬಿಟ್ಟರೆ ಸಾಕು, ಮಿಕ್ಕಿದ್ದೆಲ್ಲ ಸಮುದ್ರ. ಬೆಳಗಿನ ಗಾಳಿಗೆ ನೀರು ಹೊಳೆಯುವುದು, ಬೆಳ್ಳಕ್ಕಿ ಏಳುವುದು, ಏರಿಯ ಕಲ್ಲಿಗೆ ಅಲೆ ತಾಗಿ ಸದ್ದಾಗುವುದು, ಇವೆಲ್ಲ ಹೋಗಿ ಕರಾವಳಿಯ ಒಂದೊಂದು ಕೋಟೆಯ ಬುಡದಲ್ಲಿ ಕೂತವು. ಒಂದು ದ್ವೀಪದಿಂದ ಇನ್ನೊಂದಕ್ಕೆ ಎಷ್ಟು ಹೊತ್ತು ಬೇಕು ಎಂಬುದನ್ನು ಬಸ್ಸಿನ ಲೆಕ್ಕದಲ್ಲಿ ಹಾಕಿದೆ. ತುಮಕೂರಿನಿಂದ ಗುಬ್ಬಿಯಷ್ಟು ದೂರವಿದ್ದರೆ ಅರ್ಧ ಗಂಟೆ. ವಿದ್ಯಾರ್ಥಿನಿ ಓದಿ, ಸರ್, ಉಪ್ಪಿನ ವಾಸನೆ ಮೂಗಿಗೆ ಬಡಿಯಿತು ಎಂದಳು. ಆ ವಾಸನೆಯನ್ನು ನಾನು ಅಂದಾಜಿನ ಮೇಲೆ ಹಾಕಿದ್ದೆ.

ಇಷ್ಟಕ್ಕೇ ನಿಂತಿದ್ದರೆ ಅದು ಬರೀ ಹೊಟ್ಟೆಪಾಡು. ಆದರೆ ನನಗೆ ಗುಬ್ಬಿಯಲ್ಲಿ ಒಬ್ಬ ಅಕ್ಕ ಇದ್ದಾಳೆ.

ಅಕ್ಕ ನನಗಿಂತ ಹನ್ನೆರಡು ವರ್ಷ ದೊಡ್ಡವಳು. ಸರ್ಕಾರಿ ಶಾಲೆಯಲ್ಲಿ ಮುಖ್ಯೋಪಾಧ್ಯಾಯಿನಿಯಾಗಿದ್ದು ನಿವೃತ್ತಳಾದವಳು. ಮಠದ ವಚನಗಾಯನ ಬಳಗದ ಹನ್ನೊಂದು ಹೆಂಗಸರಿಗೆ ಈಗ ಅವಳೇ ಮುಖ್ಯೋಪಾಧ್ಯಾಯಿನಿ. ಅವಳ ಮನೆಯಲ್ಲಿ ಅವಳ ಗಂಡನ ಅಕ್ಕನೂ ಇದ್ದಾರೆ, ಅವರೂ ಆ ಬಳಗದವರೇ. ನಾನು ಹೋದಾಗಲೆಲ್ಲ ಅವರು ಬಾಗಿಲಲ್ಲೇ ಕೇಳುವ ಪ್ರಶ್ನೆ ಒಂದೇ, ಇನ್ನೂ ಪರ್ಮನೆಂಟ್ ಆಗಲಿಲ್ವಾ ಎಂದು. ಕೆಲಸವೇ ಹೋದ ಮೇಲೂ ಅವರು ಅದನ್ನೇ ಕೇಳುತ್ತಿದ್ದರು. ಅಕ್ಕ ಆಗ ನೀರಿನ ಲೋಟ ತರುವ ನೆವದಲ್ಲಿ ಒಳಗೆ ಹೋಗಿಬಿಡುತ್ತಿದ್ದಳು. ಆ ಪ್ರಶ್ನೆ ನನಗಿಂತ ಅವಳನ್ನು ಹೆಚ್ಚು ಚುಚ್ಚುತ್ತಿತ್ತು.

ನನ್ನ ಎರಡನೆಯ ಲೇಖನವನ್ನು ಅಕ್ಕ ಫೋನಿನಲ್ಲಿ ಇಟ್ಟುಕೊಂಡು ನಡುಮನೆಯಲ್ಲಿ ಗಟ್ಟಿಯಾಗಿ ಓದಿದಳು. ಓದಿ ಮುಗಿಸಿ, ಅಲ್ಲಿಗೆಲ್ಲ ಯಾವಾಗ ಹೋಗಿದ್ದೆ, ಒಂದು ಮಾತು ಹೇಳಲಿಲ್ಲವಲ್ಲ ಎಂದು ಕೇಳಿದಳು. ಎದುರಿಗೆ ಗಂಡನ ಅಕ್ಕ ಕೂತಿದ್ದರು. ನಿಜ ಹೇಳುವುದಕ್ಕೆ ಅದಕ್ಕಿಂತ ಸುಲಭದ ಗಳಿಗೆ ಮತ್ತೆ ಸಿಗಲಿಲ್ಲ. ನಾನು ಮಾತ್ರ ಕಾಲ ಮೇಲೆ ಕಾಲು ಹಾಕಿಕೊಂಡು, ಕಂಪನಿಯವರೇ ಕರೆದುಕೊಂಡು ಹೋಗಿದ್ದರು, ಯಾಟಿನಲ್ಲಿ, ಮೂರು ದಿನ ಎಂದೆ. ಆ ಹೆಂಗಸು ಬಾಯಿ ಮುಚ್ಚಿದರು. ಅಕ್ಕನ ಮುಖ ಎಷ್ಟು ಅರಳಿತೆಂದರೆ ಆಮೇಲೆ ಅದನ್ನು ಬಾಡಿಸುವ ಧೈರ್ಯ ನನಗೆ ಬರಲಿಲ್ಲ.

ಒಂದು ಸುಳ್ಳನ್ನು ಸಾಕುವುದು ಹಸು ಸಾಕಿದಂತೆ, ದಿನಾ ಮೇವು ಹಾಕಬೇಕು. ಪ್ರತಿ ಲೇಖನಕ್ಕೂ ಒಂದೊಂದು ಪ್ರಯಾಣ ಹುಟ್ಟಿಸಿದೆ. ಹಾಗೆ ಸಮುದ್ರಕ್ಕೆ ಹೋದ ದಿನಗಳಲ್ಲಿ ಮಾವನ ಮನೆಯಲ್ಲಿ ಫೋನ್ ಆಫ್ ಮಾಡಿಕೊಂಡು ಮಲಗಿರುತ್ತಿದ್ದೆ. ಒಂದು ಸಲ ತುಮಕೂರಿನ ಫ್ಯಾನ್ಸಿ ಸ್ಟೋರಿನಲ್ಲಿ ಚಿಪ್ಪು ಅಂಟಿಸಿದ ಕುಂಕುಮದ ಡಬ್ಬಿ ಕೊಂಡು, ಬೆಲೆಯ ಚೀಟಿಯನ್ನು ಉಗುರಿನಿಂದ ಕೆರೆದು, ಸಮುದ್ರದಿಂದ ತಂದೆ ಎಂದು ಅಕ್ಕನಿಗೆ ಕೊಟ್ಟೆ. ನನ್ನ ಹೆಂಡತಿ ಇದನ್ನೆಲ್ಲ ನೋಡುತ್ತಿದ್ದಳು. ನಾನು ಏರಿಗೆ ಹೊರಟಾಗ, ಸಮುದ್ರದಲ್ಲಿ ಬಿಸಿಲು ಜಾಸ್ತಿ, ಟೋಪಿ ಹಾಕ್ಕೊಂಡು ಹೋಗಿ ಎನ್ನುತ್ತಿದ್ದಳು.

ನನ್ನ ಆರನೆಯ ಲೇಖನ ಒಂದು ಪುಟ್ಟ ಕೋಟೆಯ ಬಗ್ಗೆ. ದಡದಿಂದ ಕೂಗಳತೆಯಲ್ಲಿ, ಸಮುದ್ರದೊಳಗಿನ ಬಂಡೆಯ ಮೇಲೆ ಅದು ನಿಂತಿದೆ. ಕಂಪನಿ ಕಳಿಸಿದ ಫೋಟೋದಲ್ಲಿ ದಡದಿಂದ ಕೋಟೆಯ ಬಾಗಿಲಿನವರೆಗೆ ಮರಳು, ಕಲ್ಲು ಸೇರಿದ ಚೆಂದದ ದಾರಿ ಕಾಣುತ್ತಿತ್ತು. ನಾನು ಹೀಗೆ ಬರೆದೆ: ಯಾಟಿನಿಂದ ಸಣ್ಣ ದೋಣಿಯಲ್ಲಿ ದಡಕ್ಕೆ ಬಂದು, ನಿಧಾನವಾಗಿ ಕೋಟೆಗೆ ನಡೆದು ಹೋಗಿ. ಆತುರ ಬೇಡ. ಬುತ್ತಿ ಬಿಚ್ಚಿ ಊಟ ಮಾಡಿ, ಗೋಡೆಯ ನೆರಳಲ್ಲಿ ಒರಗಿ, ಬಿಸಿಲು ತಗ್ಗಿದ ಮೇಲೆ ವಾಪಸು ನಡೆಯಿರಿ. ಅದು ನಾನು ಕುಣಿಗಲ್ಲಿನಲ್ಲಿ ಮಾಡುತ್ತಿದ್ದದ್ದೇ. ನಮ್ಮ ಕಡೆ ನೀರೆಂದರೆ ಕೆರೆ. ಅದು ಏರುವುದು ಮಳೆ ಬಂದರೆ, ಇಳಿಯುವುದು ಬೇಸಿಗೆಗೆ. ಬೆಳಿಗ್ಗೆ ಚಪ್ಪಲಿ ಬಿಟ್ಟ ಕಲ್ಲು ಸಂಜೆ ಎಲ್ಲಿಗೂ ಹೋಗಿರುವುದಿಲ್ಲ. ಒಂದೇ ದಿನದಲ್ಲಿ ಎರಡು ಸಲ ಏರಿ ಎರಡು ಸಲ ಇಳಿಯುವ ನೀರು ನನ್ನ ತಲೆಗೆ ಹೊಳೆಯಲೇ ಇಲ್ಲ. ಉಬ್ಬರವಿಳಿತ ಎಂಬ ಮಾತು ಗೊತ್ತಿರಲಿಲ್ಲವೆಂದಲ್ಲ. ಶಾಲೆಯಲ್ಲಿ, ಪಕ್ಕದಲ್ಲಿ ಚಂದ್ರನ ಚಿತ್ರ ಬರೆದರೆ ಪೂರ್ತಿ ಅಂಕ ಕೊಡುತ್ತಿದ್ದ ಪ್ರಶ್ನೆ ಅದು. ಪ್ರಶ್ನೆಪತ್ರಿಕೆಯಿಂದ ಹೊರಗೆ ಬಂದು ಯಾರದಾದರೂ ಸೀರೆ ನೆನೆಸಬಹುದು ಎಂದು ನನಗೆ ಅನ್ನಿಸಿರಲಿಲ್ಲ.

ಆ ಪುಟ ಓದಿದ ಅಕ್ಕ, ಈ ಸಲದ ಬಳಗದ ಪ್ರವಾಸ ಅಲ್ಲಿಗೇ ಎಂದು ತೀರ್ಮಾನಿಸಿದಳು. ಪ್ರತಿವರ್ಷ ಅವರು ಹೋಗುತ್ತಿದ್ದದ್ದು ಮಠಗಳಿಗೆ, ಕ್ಷೇತ್ರಗಳಿಗೆ. ಈ ಸಲವೂ ಹಾಗೆಯೇ ಆಗಲಿ ಎಂದ ಗಂಡನ ಅಕ್ಕನ ಎದುರು ಅವಳು ಮೊದಲ ಬಾರಿಗೆ ಹಟ ಹಿಡಿದಳಂತೆ. ನನ್ನ ತಮ್ಮ ಕಣ್ಣಾರೆ ನೋಡಿ ಬರ್ದವ್ನೆ, ಜವಾಬ್ದಾರಿ ನಂದು ಎಂದಳಂತೆ. ಕಂಪನಿಗೆ ಅವಳು ಹಾಕಿದ ಷರತ್ತು ಒಂದೇ, ಆ ದೋಣಿಯ ಒಲೆ ಯಾವತ್ತೂ ಮೀನು ಕಂಡಿರಬಾರದು. ಕಂಪನಿಯವರು ಕಣ್ಣು ಮಿಟುಕಿಸದೆ ಒಪ್ಪಿದರು. ನನ್ನನ್ನೂ ಕರೆದಳು. ಒಂಬತ್ತನೆಯ ಲೇಖನ ಅರ್ಜೆಂಟಿದೆ ಎಂದು ತಪ್ಪಿಸಿಕೊಂಡೆ.

ಸಂಕ್ರಾಂತಿ ಕಳೆದ ಮೇಲಿನ ಶನಿವಾರ, ಮಧ್ಯಾಹ್ನ ಹನ್ನೆರಡರ ಸುಮಾರು. ನಾನು ಏರಿಯ ಮೇಲೆ ಕೂತು ಒಂಬತ್ತನೆಯದರ ಕೊನೆಯ ಪ್ಯಾರಾ ತಿದ್ದುತ್ತಿದ್ದೆ. ಅಕ್ಕನ ಫೋನ್ ಬಂತು. ಹಿಂದೆ ದೊಡ್ಡ ಸದ್ದು. ಲಾರಿ ಸಾಲುಗಟ್ಟಿ ಹೋಗುತ್ತಿವೆಯೇನೋ ಎಂದುಕೊಂಡೆ.

"ನಾವ್ ಬಂದ ದಾರೀನೇ ಕಾಣ್ತಿಲ್ಲ ಕಣೋ. ಎಲ್ಲಾ ನೀರಾಗೋಗದೆ."

"ಮಳೆ ಬಂತಾ ಅಕ್ಕ?" ಎಂದೆ.

ಒಂಬತ್ತು ಲೇಖನ ಬರೆದ ತಜ್ಞ ಕೇಳಿದ ಪ್ರಶ್ನೆ ಅದು. ಈಗಲೂ ಸ್ನಾನ ಮಾಡುವಾಗ ನೆನಪಾದರೆ ತಂಬಿಗೆ ಕೆಳಗಿಡುತ್ತೇನೆ.

ಮಳೆಯಿಲ್ಲ, ಸುಡುವ ಬಿಸಿಲು ಎಂದಳು. ಒಂದೇ ಉಸಿರಿಗೆ ನಡೆದದ್ದನ್ನು ಹೇಳಿದಳು. ಬೆಳಿಗ್ಗೆ ಒಂಬತ್ತೂವರೆಗೆ ಎಲ್ಲರೂ ಕೋಟೆಗೆ ನಡೆದು ಬಂದಿದ್ದರು. ದಡಕ್ಕೆ ಬಿಟ್ಟ ದೋಣಿಯವನು ಬೆರಳೊಂದು ಎತ್ತಿ, ಒಂದು ಗಂಟೆ, ಒಂದೇ ಗಂಟೆ ಎಂದಿದ್ದ. ಅಕ್ಕ ಅವನಿಗೆ ಫೋನಿನಲ್ಲಿ ನನ್ನ ಪುಟವನ್ನೂ ಮೇಲಿದ್ದ ಅವನದೇ ಕಂಪನಿಯ ಗುರುತನ್ನೂ ತೋರಿಸಿ, ಆತುರ ಬೇಡ ಅಂತ ನಿಮ್ಮವರೇ ಬರೆದಿದ್ದಾರೆ ಎಂದು ಬಾಯಿ ಮುಚ್ಚಿಸಿದ್ದಳು. ಅವನಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಈಗ ಅವನು ಆಚೆ ದಡದಲ್ಲಿ ನಿಂತು ಎರಡೂ ಕೈ ಆಡಿಸುತ್ತಿದ್ದ. ಅಲೆ ಬಂಡೆಗೆ ಹೊಡೆಯುತ್ತಿದ್ದರಿಂದ ದೋಣಿ ಹತ್ತಿರಕ್ಕೆ ಬರುವ ಹಾಗಿರಲಿಲ್ಲ. ಅವನು ಕೂಗುವುದೊಂದೂ ಕೇಳುತ್ತಿರಲಿಲ್ಲ.

ನಾನು ಏನೂ ತೋಚದೆ, ಗಾಬರಿ ಬೇಡ, ಇಳಿಯುತ್ತೆ ಎಂದೆ. ಎಷ್ಟು ಹೊತ್ತಿಗೆ ಎಂದಳು. ಅರ್ಧ ಗಂಟೆ ಎಂದೆ. ನನಗೆ ಗೊತ್ತಿದ್ದ ಅಳತೆ ಅದೊಂದೇ.

ಆಗ ಅಕ್ಕ ದನಿ ತಗ್ಗಿಸಿದಳು. ಗಂಡನ ಅಕ್ಕ ಸೀರೆ ಎತ್ತಿ ಕಟ್ಟಿಕೊಂಡು ನೀರಿನ ಅಂಚಿನಲ್ಲಿ ನಿಂತಿದ್ದಾರೆ, ಇನ್ನಿಬ್ಬರು ಅವರ ಕೈ ಹಿಡಿದಿದ್ದಾರೆ, ಮೊಣಕಾಲುದ್ದವೂ ಇಲ್ಲ, ನಡೆದುಬಿಡೋಣ ಅನ್ನುತ್ತಿದ್ದಾರೆ ಎಂದಳು.

"ನೀನ್ ಬಂದಾಗ ಇಲ್ಲಿ ಎಷ್ಟ್ ಆಳ ಇತ್ತು, ಸರಿಯಾಗ್ ಗ್ಯಾಪಿಸ್ಕೊಂಡ್ ಹೇಳು. ನಡ್ದ್ರೆ ದಾಟ್ಬೋದಾ? ನೀನ್ ಹೆಂಗ್ ಹೇಳಿದ್ರೆ ಹಂಗ್ ಮಾಡ್ತೀನಿ."

ನನ್ನ ಎದುರಿಗೆ ಕೆರೆ ಮಲಗಿತ್ತು. ಒಬ್ಬ ಹೆಂಗಸು ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತಿದ್ದಳು. ಆ ಕ್ಷಣದಲ್ಲಿ ನನಗೆ ಮೊದಲು ಬಂದ ಯೋಚನೆ ಅಕ್ಕನ ಜೀವದ್ದಲ್ಲ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ನಿಜ. ಗಂಡನ ಅಕ್ಕನಿಗೆ ಗೊತ್ತಾದರೆ ಏನು ಗತಿ ಎಂಬುದೇ ಮೊದಲು ಬಂತು. ಆಮೇಲೆ, ಬಹಳ ಹೊತ್ತಾದ ಮೇಲೆ, ಅಂದರೆ ಎರಡು ಉಸಿರಿನ ಮೇಲೆ, ಎತ್ತಿ ಕಟ್ಟಿದ ಆ ಸೀರೆ ಕಣ್ಣಿಗೆ ಕಟ್ಟಿತು.

"ಅಕ್ಕ, ನಾನು ಅಲ್ಲಿಗೆ ಬಂದೇ ಇಲ್ಲ. ಯಾವ ಸಮುದ್ರಕ್ಕೂ ಹೋಗಿಲ್ಲ. ಎಲ್ಲಾ ಕುಣಿಗಲ್ ಕೆರೆ ನೋಡ್ಕೊಂಡು ಬರ್ದಿದ್ದು. ನನ್ ಮಾತ್ ಕೇಳಿ ಯಾರನ್ನೂ ನೀರಿಗೆ ಇಳಿಸ್ಬೇಡ."

ಲಾರಿಗಳ ಸದ್ದು ಎಂದುಕೊಂಡಿದ್ದೆನಲ್ಲ, ಅದು ಮಾತ್ರ ಕೇಳುತ್ತಿತ್ತು. ಅದು ಸಮುದ್ರ ಎಂದು ಆಗ ತಿಳಿಯಿತು. ಬೈಯಲಿ ಎಂದು ಕಾದೆ. ಅವಳು ಫೋನನ್ನು ಕಿವಿಯಿಂದ ತೆಗೆದು, ಮೂವತ್ತೈದು ವರ್ಷ ಪ್ರಾರ್ಥನೆಗೆ ಮಕ್ಕಳನ್ನು ಸಾಲು ನಿಲ್ಲಿಸಿದ ದನಿಯಲ್ಲಿ ಹೇಳಿದ್ದು ನನಗೂ ಕೇಳಿಸಿತು.

"ಅತ್ತಿಗೆ, ಮೇಲಕ್ ಬನ್ನಿ. ನನ್ ತಮ್ಮ ಬಂದಾಗ್ಲೂ ಹಿಂಗೇ ಆಗಿತ್ತಂತೆ. ನೋಡಕ್ಕೆ ಮೊಣಕಾಲುದ್ದ, ನಡುವೆ ಎಳೆದಾಕ್ಬುಡ್ತದಂತೆ. ಅವನೂ ಸುಮ್ನೆ ಮೇಲ್ ಕೂತಿದ್ದನಂತೆ. ಅವ್ನು ನೋಡಿದವ್ನು, ಅವನ್ ಮಾತ್ ಕೇಳಿ."

ಫೋನ್ ಕಟ್ಟಾಯಿತು. ನಾನು ಏರಿಯ ಕಲ್ಲಿನ ಮೇಲೆ ಕೂತಲ್ಲೇ ಅತ್ತೆ. ಬಟ್ಟೆ ಒಗೆಯುತ್ತಿದ್ದ ಹೆಂಗಸು ಒಮ್ಮೆ ತಿರುಗಿ ನೋಡಿ, ಮತ್ತೆ ತನ್ನ ಕೆಲಸಕ್ಕೆ ತೊಡಗಿದಳು.

ವಿದ್ಯಾರ್ಥಿನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವಳು ಯಾರನ್ನೋ ವಿಚಾರಿಸಿ, ಕೋಟೆಯೊಳಗೆ ನೀರು ಬರುವುದಿಲ್ಲ, ಸಂಜೆ ಆರರ ಹೊತ್ತಿಗೆ ದಾರಿ ತೆರೆಯುತ್ತದೆ, ಅಲ್ಲಿಯವರೆಗೆ ಯಾರೂ ನೀರಿಗೆ ಕಾಲಿಡಬಾರದು ಎಂದು ತಿಳಿಸಿದಳು. ನಡೆದು ಹೋದವರು ಹಿಂದೆ ಕೊಚ್ಚಿಹೋಗಿದ್ದೂ ಉಂಟಂತೆ. ಅಕ್ಕನಿಗೆ ಫೋನ್ ಮಾಡಿ ಆರು ಗಂಟೆ ಎಂದೆ. ಸರಿ ಎಂದಳು, ಅಷ್ಟೇ. ಅವತ್ತು ನಾನು ಮಾವನ ಮನೆಗೆ ಊಟಕ್ಕೆ ಹೋಗಲಿಲ್ಲ. ಆರೂವರೆಗೆ, ದಾಟಿದೆವು ಎಂದು ಮೆಸೇಜು ಬರುವವರೆಗೆ ಏರಿಯಿಂದ ಏಳಲಿಲ್ಲ. ಒಂಬತ್ತನೆಯ ಲೇಖನದ ಕೊನೆಯ ಪ್ಯಾರಾ ಇನ್ನೂ ಹಾಗೆಯೇ ಇದೆ.

ಮೂರು ದಿನ ಬಿಟ್ಟು ಗುಬ್ಬಿಗೆ ಹೋದೆ. ಬಸ್ಸಿನಲ್ಲಿ ಕೂತು ಕ್ಷಮೆ ಕೇಳುವ ಮಾತನ್ನು ನಾಲ್ಕು ಬಗೆಯಲ್ಲಿ ಜೋಡಿಸಿಕೊಂಡೆ. ಬಾಗಿಲಲ್ಲಿ ಗಂಡನ ಅಕ್ಕ ಎದುರಾದರು. ಪರ್ಮನೆಂಟ್ ವಿಷಯ ಬರಲಿಲ್ಲ. ಒಳಗೆ ಕರೆದು, ತಾವೇ ನೀರು ತಂದುಕೊಟ್ಟು, ನೀನು ಒಬ್ಬನೇ ಅಷ್ಟು ಹೊತ್ತು ಆ ಕೋಟೆಯಲ್ಲಿ ಹೆಂಗೆ ಕಳೆದೆಯಪ್ಪ, ನಾವು ಹಾಡಿಕೊಂಡಾದರೂ ಕಳೆದೆವು ಎಂದರು. ನೀನು ಹೇಳದೆ ಇದ್ದಿದ್ದರೆ ನಾನು ಇಳಿದುಬಿಡುತ್ತಿದ್ದೆ ಎಂದು ನನ್ನ ಕೈ ಹಿಡಿದುಕೊಂಡರು. ಆ ಕೈ ತಣ್ಣಗಿತ್ತು. ನನಗೆ ನೆಲ ಬಿರಿಯಬಾರದೇ ಎನ್ನಿಸಿತು. ನಾನೂ ಹಾಡಿಕೊಂಡೇ ಕಳೆದೆ ಎಂದೆ. ನೋಡಿ, ಆಗಲೂ!

ಅಕ್ಕ ಅಡುಗೆಮನೆಯಲ್ಲಿ ನೆನೆಸಿದ ಅವರೆಕಾಳು ಹಿತುಕುತ್ತಿದ್ದಳು. ನಾನೂ ಎದುರಿಗೆ ಕೂತು ಹಿತುಕತೊಡಗಿದೆ. ಜೋಡಿಸಿಕೊಂಡು ಬಂದ ನಾಲ್ಕು ಮಾತೂ ಮರೆತುಹೋಗಿದ್ದವು. ತಪ್ಪಾಯ್ತಕ್ಕ ಎಂದೆ. ಅವಳು ತಲೆ ಎತ್ತದೆಯೇ ಮಾತಾಡಿದಳು.

ಉಬ್ಬರವಿಳಿತದ ಪಾಠವನ್ನು ನಾನೂ ಪ್ರತಿವರ್ಷ ಮಾಡುತ್ತಿದ್ದೆ, ಬೋರ್ಡಿನ ಮೇಲೆ ಚಂದ್ರನನ್ನೂ ಬರೆಯುತ್ತಿದ್ದೆ, ಕೋಟೆಯ ಮೆಟ್ಟಿಲ ಮೇಲೆ ನಿಂತಾಗ ಅದು ನನಗೇ ಹೊಳೆಯಲಿಲ್ಲ, ನಿನ್ನೊಬ್ಬನನ್ನೇ ಏನು ಅನ್ನಲಿ ಎಂದಳು. ಹಾಗೆ ಹೊಟ್ಟೆಗೆ ಹಾಕಿಕೊಂಡಳು ಎಂದು ನನಗೆ ಸಮಾಧಾನವಾಗುವಷ್ಟರಲ್ಲಿ ಕೈಯನ್ನು ಕಾಳಿನ ಬೋಗುಣಿಯಲ್ಲೇ ನಿಲ್ಲಿಸಿದಳು.

"ಹನ್ನೊಂದ್ ಜನ ನನ್ ಮಾತ್ ನಂಬ್ಕೊಂಡ್ ಬಂದಿದ್ರು. ನಾನು ನಿನ್ ಮಾತ್ ನಂಬ್ಕೊಂಡ್ ಹೋಗಿದ್ದೆ. ನಿಂಗೆ ಕೆಲ್ಸ ಇಲ್ದಿದ್ರೂ ನೀನು ನನ್ ತಮ್ಮನೇ ಅಲ್ವೇನೋ. ನನ್ನತ್ರ ಯಾಕೋ ಸುಳ್ಳು?"

ಕಾಳು ಹಿತುಕುತ್ತಾ ಕೂತೆ. ಸಿಪ್ಪೆ ಒಂದು ಕಡೆ, ಬೇಳೆ ಒಂದು ಕಡೆ ಆಗಬೇಕಾದದ್ದು ನನ್ನ ಕೈಯಲ್ಲಿ ಎರಡೂ ಒಂದೇ ತಟ್ಟೆಗೆ ಬೀಳುತ್ತಿದ್ದವು. ಪುಟವನ್ನು ತಿದ್ದಿಸಿದ್ದೇನೆ, ನೀರಿನ ವೇಳೆಯನ್ನು ಮೊದಲ ಸಾಲಿನಲ್ಲೇ ಹಾಕಿಸಿದ್ದೇನೆ, ಕಂಪನಿಯವರಿಗೂ ನಿಜ ಹೇಳಿದ್ದೇನೆ, ಇನ್ನು ಅತ್ತಿಗೆಯವರಿಗೂ ನಾನೇ ಹೇಳಿಬಿಡುತ್ತೇನೆ ಎಂದು ಒಂದರ ಮೇಲೊಂದು ಹೇಳಿದೆ. ಬಹಳ ಒಳ್ಳೆಯವನ ಹಾಗೆ ಮಾತಾಡಿದೆ. ಅಕ್ಕ ಎಲ್ಲ ಕೇಳಿಸಿಕೊಂಡು, ನನ್ನ ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡು ಸಿಪ್ಪೆ ಆರಿಸತೊಡಗಿದಳು.

"ಬಂದಾಗಿಂದ ಬರೀ ನಿಂದೇ ಹೇಳ್ತಿದ್ದೀಯ," ಎಂದಳು. "ನಾನು ಹುಟ್ಟಿದ್ ಮೇಲೆ ಮೊದ್ಲನೇ ಸಲ ಸಮುದ್ರ ನೋಡ್ಕೊಂಡ್ ಬಂದಿದ್ದೀನಿ. ಹೆಂಗಿತ್ತು ಅಂತ ಒಂದ್ ಮಾತ್ ಕೇಳ್ಲಿಲ್ಲ ನೀನು."

ಎರಡು ವರ್ಷ ಅದರ ಬಗ್ಗೆಯೇ ಬರೆದಿದ್ದೆ. ಅದು ಹೇಗಿರುತ್ತದೆ ಎಂದು ನೋಡಿದವರೊಬ್ಬರನ್ನೂ ಕೇಳಿರಲಿಲ್ಲ.

"ಹೆಂಗಿತ್ತಕ್ಕ?" ಎಂದೆ.

ಅವಳು ಕೈ ಒರೆಸಿಕೊಂಡು, ಗೋಡೆಗೆ ಒರಗಿ ಕೂತು, ಅದರ ಸದ್ದಿನಿಂದ ಶುರು ಮಾಡಿದಳು.